ಅಕ್ಕನ ಅಳತೆ

ನಮ್ಮಕ್ಕ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಭುಜವನ್ನು. ಹೆಂಗಸರ ಉಡುಪು ಹೊಲಿಯುವುದರಲ್ಲಿ ಮೂವತ್ತು ವರ್ಷ ಸವೆಸಿದ ಅವಳಿಗೆ, ಬಾಗಿಲಲ್ಲಿ ನಿಂತವಳ ಎದೆಯ ಸುತ್ತಳತೆ, ತೋಳಿನ ಉದ್ದ, ಒಂದು ಭುಜ ಇನ್ನೊಂದಕ್ಕಿಂತ ಅರ್ಧ ಇಂಚು ಇಳಿದಿರುವ ಗುಟ್ಟು, ಎಲ್ಲವೂ ಟೇಪು ಬಿಚ್ಚುವ ಮೊದಲೇ ತಿಳಿದಿರುತ್ತಿತ್ತು. ತೀರಿಹೋದ ಭಾವನ ಬೂದು ಕೋಟು ಸದಾ ಅವಳ ಮೈಮೇಲೆ. ಅದರ ಕಾಲರಿನಲ್ಲಿ ಸಾಲಾಗಿ ಗುಂಡುಪಿನ್ನುಗಳು, ಜೇಬಿನಲ್ಲಿ ದಾರ ಕಟ್ಟಿದ ಅಯಸ್ಕಾಂತ. ಬಿದ್ದ ಸೂಜಿ ಚುಚ್ಚದಿರಲೆಂದು ಪಾದವನ್ನು ಎತ್ತದೆ ಜಾರಿಸುತ್ತ ನಡೆಯುವುದು ಅಭ್ಯಾಸವಾಗಿಬಿಟ್ಟು, ರಸ್ತೆಯಲ್ಲೂ ಹಾಗೆಯೇ ನಡೆಯುತ್ತಿದ್ದಳು.

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಆರೋಗ್ಯದ ಅಂಕಣವನ್ನು ವಾರವಾರ ತಿದ್ದಿ ತಿದ್ದಿ, ಮನೆಮಂದಿಯ ಬಾಯಲ್ಲಿ 'ಅರ್ಧ ಡಾಕ್ಟ್ರು' ಆಗಿದ್ದೆ. ಅವರು ತಮಾಷೆಗೆ ಅಂದದ್ದನ್ನು ನಾನು ನಿಜವೆಂದೇ ನಂಬಿದ್ದೆ. ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿದೆಯೆಂದು ನಾನೇ ತೀರ್ಪುಕೊಟ್ಟು, ಒಂದು ಹನಿ ರಕ್ತವನ್ನೂ ಪರೀಕ್ಷಿಸದೆ ಮಾತ್ರೆ ತಂದುಕೊಟ್ಟೆ. ಅವಳು ಅವನ್ನು ಗುಂಡಿಗಳ ಡಬ್ಬಿಯಲ್ಲಿಟ್ಟುಕೊಂಡು ದಿನಕ್ಕೆರಡರಂತೆ ಶ್ರದ್ಧೆಯಿಂದ ನುಂಗಿದಳು.

ಒಂದು ಮಧ್ಯಾಹ್ನ ನನ್ನ ಮೇಜಿನ ಪಕ್ಕ ಬಂದು ನಿಂತಳು. ಕೋಟಿನ ಎಡಭಾಗವನ್ನು ಬೆರಳ ತುದಿಯಿಂದ ಮುಟ್ಟಿ, "ಇಲ್ಲೊಂದು ಗಂಟು ಇದ್ದ ಹಾಗಿದೆ ಕಣೋ" ಎಂದಳು.

ನಾನು ನಾಚಿದೆ. ಅಕ್ಕನ ಎದೆಯ ಮಾತು ನನ್ನ ಕಿವಿಗೆ ಬೀಳಬಾರದಿತ್ತೆಂಬಂತೆ ಕಣ್ಣನ್ನು ಕರಡಿನ ಹಾಳೆಗೆ ಇಳಿಸಿ, "ರಕ್ತ ಕಡಿಮೆಯಿದ್ರೆ ಹಾಗೆಲ್ಲ ಆಗತ್ತೆ. ಮಾತ್ರೆ ಬಿಡಬೇಡ" ಎಂದೆ. ಯಾವ ಅಂಕಣದಲ್ಲೂ ಹಾಗೆ ಬರೆದಿರಲಿಲ್ಲ. ಆ ಕ್ಷಣದಿಂದ ಪಾರಾಗಲು ಬಾಯಿಗೆ ಬಂದದ್ದನ್ನು ಹೇಳಿದ್ದೆ. ಅವಳು ತಲೆಯಾಡಿಸಿ, ಪಾದ ಜಾರಿಸುತ್ತ ಹೊರಟುಹೋದಳು. ಒಂದು ವರ್ಷ ಆ ಮಾತು ಎತ್ತಲಿಲ್ಲ.

ಕೊನೆಗೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಂಟು ಕಂಕುಳಿಗೂ ಹಬ್ಬಿತ್ತು. ಡಾಕ್ಟರಮ್ಮ ವರದಿಗಳನ್ನು ತಿರುವಿಹಾಕಿ, "ಕಬ್ಬಿಣ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇದೆ. ಕ್ಯಾನ್ಸರ್ ಬೆಳೆಯೋಕೂ ಕಬ್ಬಿಣ ಬೇಕು. ಹಾಗಂತ ಇದರಿಂದಾನೇ ಬಂತು ಅಂತ ನಾನು ಹೇಳಲ್ಲ, ಅದು ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆದ್ರೆ ಪರೀಕ್ಷೆ ಮಾಡಿಸದೆ ಇಷ್ಟು ದಿನ ಮಾತ್ರೆ ಕೊಟ್ಟಿದ್ದು ಯಾರು? ಗಂಟಿನ ವಿಷಯ ಯಾರಿಗೂ ಹೇಳಲಿಲ್ವಾ?" ಎಂದು ಕೇಳಿದರು.

"ನಾನೇ ತಗೊಂಡೆ, ಡಾಕ್ಟ್ರೇ. ಯಾರಿಗೂ ಹೇಳಲಿಲ್ಲ" ಎಂದಳು ಅಕ್ಕ.

ಪಕ್ಕದಲ್ಲಿ ನಿಂತಿದ್ದ ನಾನು ತುಟಿ ಬಿಚ್ಚಲಿಲ್ಲ. ಡಾಕ್ಟರಮ್ಮ ಅವಳನ್ನು ಬೈದರು. ನನಗೆ ಸಲ್ಲಬೇಕಿದ್ದ ಬೈಗುಳವನ್ನು ಅವಳು ತಲೆತಗ್ಗಿಸಿ ಕೇಳಿಸಿಕೊಂಡಳು.

ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಿಗೆ, ಒಂದು ಕಡೆ ಸಪಾಟಾದ ತನ್ನ ಎದೆಗೆ ಹೊಸ ಅಂಗಿ ಹೊಲಿದುಕೊಳ್ಳಲು ಕುಳಿತಳು. ಟೇಪಿನ ತುದಿಯನ್ನು ನನ್ನ ಕೈಗಿತ್ತು, "ಹಿಡ್ಕೊಳ್ಳೋ, ನನ್ನ ಅಳತೆ ನಾನೇ ತಗೊಳ್ಳೋಕಾಗಲ್ಲ" ಎಂದಳು.

"ಅಕ್ಕಾ, ಅವತ್ತು ಡಾಕ್ಟ್ರ ಮುಂದೆ ನಾನು..."

"ಅಲ್ಲಾಡಬೇಡ. ಅಳತೆ ತಪ್ಪತ್ತೆ."

ಊರವರ ಮೈಯ ಏರುಪೇರುಗಳನ್ನೆಲ್ಲ ಬಟ್ಟೆಯಲ್ಲಿ ಮರೆಸಿಕೊಡುವ ಇಂಥವರು, ನಮ್ಮ ತಪ್ಪುಗಳನ್ನೂ ಹಾಗೆಯೇ ಹೊಲಿದು ಮುಚ್ಚಿಬಿಡುತ್ತಾರೆ. ತಮ್ಮ ನೋವನ್ನು ಮಾತ್ರ ಒಂದೇ ಒಂದು ಸಲ, ಅದೂ ಮೆಲ್ಲಗೆ ಹೇಳುತ್ತಾರೆ. ಕೇಳಿದವನು ಮುಖ ತಿರುಗಿಸಿದರೆ ಮತ್ತೆ ಹೇಳುವುದಿಲ್ಲ. ಆ ಒಂದು ಸಲ ಅಕ್ಕ ನನ್ನ ಬಳಿಗೇ ಬಂದಿದ್ದಳು. ನಾನು ಕರಡು ತಿದ್ದುತ್ತಿದ್ದೆ.