ಹೆಸರು ಮುಚ್ಚಿದ ಪ್ರಸ್ತಾವ

ಅಕ್ಕತಂಗಿಯರು ಮಾತು ಬಿಡಬೇಕಾದರೆ ನಡುವೆ ಆಸ್ತಿ ಬರಬೇಕು, ಒಡವೆ ಬರಬೇಕು, ಏನೂ ಇಲ್ಲದಿದ್ದರೆ ಒಬ್ಬಳ ಗಂಡನಾದರೂ ಬರಬೇಕು ಎಂದು ತಿಳಿದವರು ಈ ಇಬ್ಬರನ್ನು ಕಂಡಿಲ್ಲ. ಇವರ ನಡುವೆ ಬಂದದ್ದು ಒಂದು ಸಾಫ್ಟ್‌ವೇರು.

ಅಕ್ಕನಿಗೆ ದೊಡ್ಡ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ. ವಿಭಾಗ ಇರುವುದು ನೆಲಮಾಳಿಗೆಯಲ್ಲಿ. ಕಿಟಕಿಯಲ್ಲಿ ಕಾಣುವುದು ಹೊರಗೆ ನಿಂತ ಕಾರುಗಳ ಚಕ್ರ ಮಾತ್ರ. ಒಬ್ಬನೇ ಮನುಷ್ಯ ಕಣ್ಣು ತೋರಿಸಲು ಬಂದಾಗ ಅಪ್ಪನ ಹೆಸರು ಸೇರಿಸಿ ಬರೆಸುತ್ತಾನೆ, ಮಂಡಿ ತೋರಿಸಲು ಬಂದಾಗ ಇನ್ನೊಂದು ಕೌಂಟರಿನಲ್ಲಿ ಸೇರಿಸದೆ ಬರೆಸುತ್ತಾನೆ. ಕಂಪ್ಯೂಟರಿನ ಪಾಲಿಗೆ ಅವನು ಇಬ್ಬರಾಗುತ್ತಾನೆ. ಹೀಗೆ ಎರಡಾದವರನ್ನು ಹುಡುಕಿ ಮತ್ತೆ ಒಬ್ಬರನ್ನಾಗಿ ಮಾಡಲು ಅಕ್ಕ, ತಂಗಿ ಸೇರಿ 'ಜೋಡಿ' ಎಂಬ ಸಾಫ್ಟ್‌ವೇರ್ ಬರೆದರು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಲಿ, ಬಿಚ್ಚಿ ನೋಡಲಿ, ತಿದ್ದಿಕೊಳ್ಳಲಿ ಎಂದು ಓಪನ್ ಸೋರ್ಸ್ ಮಾಡಿ ಇಂಟರ್‌ನೆಟ್ಟಿಗೆ ಬಿಟ್ಟರು. ಆಸ್ಪತ್ರೆಗಳು, ಗ್ರಂಥಾಲಯಗಳು, ಕಂಡುಕೇಳದ ಊರಿನ ಕಚೇರಿಗಳು ಅದನ್ನು ಎತ್ತಿಕೊಂಡವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹೆಗ್ಗಣ ಊರವರಿಗೂ ಮುದ್ದಾಯಿತು.

'ಜೋಡಿ' ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ, ಬೀದಿ ಎಲ್ಲ ಹೋಲಿಸಿ ಅಂಕ ಕೊಡುತ್ತದೆ. ಅಂಕ ಚೆನ್ನಾಗಿದ್ದರೆ ಯಾರನ್ನೂ ಕೇಳದೆ ಸೇರಿಸಿಬಿಡುತ್ತದೆ. ಒಂದು ಸಲ ಅದು ಒಂದೇ ಬೀದಿಯ, ಒಂದೇ ಹೆಸರಿನ, ಒಂದೇ ದಿನ ಹುಟ್ಟಿದ ಇಬ್ಬರು ಹೆಂಗಸರನ್ನು ಒಬ್ಬಳನ್ನಾಗಿ ಮಾಡಿತು. ಒಬ್ಬಳ ಮಾತ್ರೆ ಇನ್ನೊಬ್ಬಳ ಚೀಟಿಗೆ ಬಂತು. ಮಾತ್ರೆ ಕೊಡಲು ಬಂದ ನರ್ಸ್ ಮುಖ ನೋಡಿ ಇವಳಲ್ಲ ಎಂದು ಗುರುತು ಹಿಡಿದದ್ದರಿಂದ ಅನಾಹುತ ತಪ್ಪಿತು.

"ಅಂಕ ಎಷ್ಟೇ ಬರಲಿ, ಸೇರಿಸೋ ಮುಂಚೆ ಒಂದು ಮಾತು ಕೇಳಬೇಕು," ಎಂದಳು ತಂಗಿ.

"ಯಾರನ್ನ ಅಂತ ಕೇಳ್ತೀಯ? ದಿನಕ್ಕೆ ಸಾವಿರ ಸಲ ಕೇಳಿದ್ರೆ ಕೌಂಟರಿನವರು ಕಣ್ಮುಚ್ಚಿಕೊಂಡು ಹೌದು ಹೌದು ಅಂತ ಒತ್ತುತಾರೆ. ಅದಕ್ಕಿಂತ ಯಂತ್ರಾನೇ ವಾಸಿ," ಎಂದಳು ಅಕ್ಕ.

"ನಿನಗೆ ಯಾರನ್ನೂ ಕೇಳಿ ಅಭ್ಯಾಸಾನೇ ಇಲ್ಲ. ನನ್ನ ಕಾಲೇಜು ನೀನೇ ಆರಿಸಿದೆ. ನನ್ನ ಕೋಣೆಗೆ ಬಣ್ಣ ನೀನೇ ಬಳಿಸಿದೆ. ಈಗ ಅದೇ ಬುದ್ಧಿ ಯಂತ್ರಕ್ಕೂ ಕಲಿಸಿದೀಯ."

ಮಾತು ಸಾಫ್ಟ್‌ವೇರು ಬಿಟ್ಟು ಮನೆಯೊಳಗೆ ಬಂದಮೇಲೆ ಮುಗಿಯಿತು. ತಂಗಿ 'ಜೋಡಿ'ಯ ಒಂದು ಪ್ರತಿ ಎತ್ತಿಕೊಂಡು, ಪ್ರತಿ ಸಲವೂ ಕೇಳಿಯೇ ಸೇರಿಸುವಂತೆ ತಿದ್ದಿ, 'ಬಿಡಿ' ಎಂದು ಹೆಸರಿಟ್ಟು ಬೇರೆಯಾಗಿ ನಡೆಸತೊಡಗಿದಳು. ಓಪನ್ ಸೋರ್ಸ್ ಜನರಲ್ಲಿ ಇದು ತಪ್ಪಲ್ಲ, ಒಪ್ಪಿತ ಪದ್ಧತಿ. ಪಾಲಿಗೆ ಕೋರ್ಟು ಬೇಡ, ಪಂಚಾಯಿತಿ ಬೇಡ, ಇಬ್ಬರಿಗೂ ಪೂರ್ತಿ ಆಸ್ತಿಯೇ ಸಿಗುತ್ತದೆ. ಸ್ವಲ್ಪ ದಿನಕ್ಕೆ ಅವಳು ಊರಿನ ಆಚೆ ತುದಿಯಲ್ಲಿ ಮನೆ ಹಿಡಿದು ಹೊರಟೂ ಹೋದಳು.

"ಜೋಡಿ, ಬಿಡಿ ಅಂತ ಇಬ್ಬರೂ ಏನು ಚಪ್ಪಲಿ ಅಂಗಡಿ ಇಟ್ಟಿದೀರಾ?" ಎಂದು ಅಮ್ಮ ಗದರಿದಳು. ಪ್ರಯೋಜನವಾಗಲಿಲ್ಲ.

ಅಮ್ಮ ಅಕ್ಕನ ಜೊತೆಗೇ ಇದ್ದಳು. ಸಂಜೆ ಸಂಜೆ ತಂಗಿ ಅಮ್ಮನಿಗೆ ಫೋನು ಮಾಡುವಳು; ಅಕ್ಕ ಪಾತ್ರೆ ತೊಳೆಯುತ್ತ ನಲ್ಲಿಯನ್ನು ಸಣ್ಣಗೆ ತಿರುಗಿಸಿ ಕಿವಿಯನ್ನು ಅತ್ತ ಬಿಡುವಳು. "ಅವಳಿಗೆ ಕೆಮ್ಮಂತೆ" ಎಂದು ಅಮ್ಮ ಹೇಳಿದರೆ "ನನಗ್ಯಾಕೆ ಹೇಳ್ತೀಯ" ಎನ್ನುವಳು. ಮರುದಿನ "ಕೆಮ್ಮು ಹೋಯ್ತಂತಾ?" ಎಂದು ಗೋಡೆಯನ್ನು ಕೇಳಿದ ಹಾಗೆ ಕೇಳುವಳು. ಎರಡು ವರ್ಷ ಹೀಗೇ ನಡೆಯಿತು. ಅಕ್ಕನಿಗೆ ತಂಗಿ ಬೇಕಾಗಿದ್ದಳು, ಆದರೆ ತಾನಾಗಿ ಫೋನು ಮಾಡಿದರೆ ಸೋತಂತೆ ಎಂಬ ಲೆಕ್ಕ. ಅತ್ತ ದರಿ, ಇತ್ತ ಪುಲಿ.

ಆ ಹೊತ್ತಿಗೆ ವರ್ಷಕ್ಕೊಮ್ಮೆ ನಡೆಯುವ ಓಪನ್ ಸೋರ್ಸ್ ದತ್ತಾಂಶ ಸಮ್ಮೇಳನದ ಕರೆ ಬಂತು. ಭಾಷಣ ಮಾಡಬಯಸುವವರು ಪ್ರಸ್ತಾವ ಕಳಿಸಬೇಕು. ತಂಗಿ ಪ್ರತಿ ವರ್ಷ ಅಲ್ಲಿಗೆ ಹೋಗುತ್ತಾಳೆಂದು ಅಕ್ಕನಿಗೆ ಗೊತ್ತಿತ್ತು. ತಾನು ವೇದಿಕೆಯ ಮೇಲೆ ನಿಂತರೆ ಅವಳು ಕೆಳಗೆ ಕೂತು ಅರ್ಧ ಗಂಟೆ ಕೇಳಲೇಬೇಕು, ಕೇಳಿದ ಮೇಲೆ ಮಾತಾಡಿಸಲೇಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪ್ರಸ್ತಾವ ಬರೆಯುವುದು ಅವಳಂದುಕೊಂಡಷ್ಟು ಸುಲಭವಾಗಲಿಲ್ಲ. 'ಕೇಳುಗರು ಏನನ್ನು ಕಲಿತು ಹೋಗುತ್ತಾರೆ?' ಎಂಬ ಚೌಕದ ಮುಂದೆ ಒಂದು ಭಾನುವಾರ ಬೆಳಗ್ಗೆಯೆಲ್ಲ ಕೂತಳು. ಎದುರಿಗೆ ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಏನೇ ಅದು, ಪರೀಕ್ಷೆಗೆ ಕೂತವಳ ಹಾಗೆ ಪೆನ್ನು ಕಚ್ಚುತಾ ಇದೀಯ?"

"ಜನ ನನ್ನಿಂದ ಏನು ಕಲೀತಾರೆ ಅಂತ ಕೇಳಿದಾರಮ್ಮ."

"ಹಟ ಮಾಡೋದು ಕಲೀತಾರೆ ಅಂತ ಬರಿ," ಎಂದಳು ಅಮ್ಮ.

ಅಂತೂ ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದಳು. ಆ ಸಮ್ಮೇಳನದಲ್ಲಿ ಇನ್ನೊಂದು ಪದ್ಧತಿ ಇತ್ತು. ಪ್ರಸ್ತಾವ ಕಳಿಸಿದ ಪ್ರತಿಯೊಬ್ಬರೂ ಬೇರೆ ಮೂವರ ಪ್ರಸ್ತಾವ ಓದಿ, ಅಂಕ ಕೊಟ್ಟು, ನಾಲ್ಕು ಸಾಲು ವಿಮರ್ಶೆ ಬರೆಯಬೇಕು. ಪ್ರಸ್ತಾವ ಕಳಿಸಿದವರು ಅದನ್ನು ಓದಿ ಆಯ್ಕೆಗೆ ಮುಂಚೆ ತಿದ್ದಿಕೊಳ್ಳಬಹುದು. ಬರೆದವರ ಹೆಸರನ್ನು ಮುಚ್ಚಿರುತ್ತಾರೆ. ಬರೆದವರು ಯಾರೆಂದು ಹೇಗೋ ಗೊತ್ತಾದರೆ 'ಇವರು ನನಗೆ ಪರಿಚಯ' ಎಂಬ ಗುಂಡಿ ಒತ್ತಬೇಕು. ಆ ಪ್ರಸ್ತಾವ ಬೇರೆಯವರ ಕೈಗೆ ಹೋಗುತ್ತದೆ.

ಅಕ್ಕನ ಪಾಲಿಗೆ ಬಂದ ಮೊದಲನೆಯದು ಮಳೆಯ ಅಳತೆಯ ಬಗ್ಗೆ, ಮೂರನೆಯದು ನಕ್ಷೆಗಳ ಬಗ್ಗೆ. ಎರಡನೆಯದನ್ನು ತೆರೆದವಳೇ ನೆಟ್ಟಗೆ ಕೂತಳು.

ಅದರ ಮೊದಲ ಸಾಲೇ ಒಂದು ಪ್ರಶ್ನೆ. ತಂಗಿ ಏನು ಬರೆದರೂ ಪ್ರಶ್ನೆಯಿಂದಲೇ ಶುರು ಮಾಡುತ್ತಾಳೆ. ಒಂದೇ ಬೀದಿಯ, ಒಂದೇ ಹೆಸರಿನ ಇಬ್ಬರು ಹೆಂಗಸರ ಉದಾಹರಣೆ ಅಲ್ಲಿತ್ತು. 'ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಆಮೇಲೆ ಕೇಳಿ' ಎಂಬ ಮಾತಿತ್ತು. ಇದನ್ನು ಆ ಜಗಳದ ದಿನ ತಂಗಿಯ ಬಾಯಿಂದ ಅಕ್ಕ ಸಾಕಷ್ಟು ಕೇಳಿದ್ದಳು. ಒಂದೇ ಒಂದು ವಿಷಯ ಕೂಡಿಬರಲಿಲ್ಲ. ತಂಗಿಗೆ ಶಾಲಾ ಮಕ್ಕಳ ದಾಖಲೆಯ ಕೆಲಸ. ಈ ಪ್ರಸ್ತಾವ ಮಾತಾಡುತ್ತಿದ್ದದ್ದು ಪುಸ್ತಕ ಬರೆದವರ ಹೆಸರುಗಳ ಬಗ್ಗೆ. ಅಕ್ಕ ಅದಕ್ಕೂ ಸಮಾಧಾನ ಕಂಡುಕೊಂಡಳು: ಗುರುತು ಸಿಗಬಾರದೆಂದು ಮಕ್ಕಳನ್ನು ಬಿಟ್ಟು ಪುಸ್ತಕ ಹಿಡಿದಿದ್ದಾಳೆ, ಕಳ್ಳಿ.

ಅಮ್ಮ ಪಕ್ಕದಲ್ಲೇ ಇದ್ದಳು, ಅಮ್ಮನ ಫೋನು ಮೇಜಿನ ಮೇಲಿತ್ತು. 'ಅವಳೂ ಪ್ರಸ್ತಾವ ಕಳಿಸಿದಾಳಾ ಕೇಳು' ಎಂದಿದ್ದರೆ ಸಾಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ, ಆತುರಗಾರ್ತಿಗೂ ಅಷ್ಟೇ. ಪರಿಚಯದ ಗುಂಡಿಯ ಮೇಲೆ ಮೌಸಿನ ಬಾಣವನ್ನು ತಂದು ನಿಲ್ಲಿಸಿದಳು, ಒತ್ತಲಿಲ್ಲ. ಹೆಸರು ಕಾಣುತ್ತಿಲ್ಲವಲ್ಲ, ಕಾಣದವರನ್ನು ಪರಿಚಯ ಎನ್ನುವುದು ಹೇಗೆ ಎಂದು ತನ್ನ ಪರ ತಾನೇ ವಾದ ಮಾಡಿ ಗೆದ್ದಳು.

ವಿಮರ್ಶೆ ಗಂಭೀರವಾಗಿಯೇ ಶುರುವಾಯಿತು. ಎರಡನೆಯ ಪ್ಯಾರಾ ಉದ್ದವಾಯಿತು, ಉದಾಹರಣೆ ಮೊದಲು ಬರಲಿ, ಕೊನೆಯಲ್ಲಿ ಕೇಳುಗರೇ ಮಾಡಿ ನೋಡುವಂಥದ್ದೇನಾದರೂ ಇರಲಿ ಎಂದೆಲ್ಲ ಬರೆದಳು. ಬರೆಯುತ್ತ ಬರೆಯುತ್ತ ಕೈ ದಾರಿ ತಪ್ಪಿತು. 'ಎರಡು ವರ್ಷ ಹಟ ಹಿಡಿದದ್ದು ಸಾಕು. ಅಮ್ಮ ದಿನಾ ಕೇಳುತ್ತಾಳೆ. ನಿನ್ನ ಕೋಣೆ ಹಾಗೇ ಇದೆ. ಒಂದು ಸಲ ಬಂದು ಹೋಗು.' ಕೋಣೆ ಹಾಗೇ ಇದೆ ಎನ್ನುವುದು ಪೂರ್ತಿ ನಿಜವಲ್ಲ. ಅಲ್ಲಿ ಇಸ್ತ್ರಿ ಮೇಜು, ಕೆಟ್ಟ ಪ್ರಿಂಟರು, ಖಾಲಿ ಡಬ್ಬಗಳು ಸೇರಿದ್ದವು. ಕಳಿಸಿದ ಮೇಲೆ ಹೋಗಿ ಅವನ್ನೆಲ್ಲ ತೆಗೆದು ಕಸ ಗುಡಿಸಿದಳು.

ಒಂದು ವಿಷಯಕ್ಕೆ ಒಂದೇ ಭಾಷಣ ಎಂಬುದು ಸಮ್ಮೇಳನದ ನಿಯಮ. ಇಬ್ಬರದೂ ಒಂದೇ ವಿಷಯ. ಅಕ್ಕ ಮತ್ತೆ ಕಂಪ್ಯೂಟರಿನ ಮುಂದೆ ಕೂತು, ತಾನು ಅಷ್ಟು ಪೆನ್ನು ಕಚ್ಚಿ ಬರೆದ ಪ್ರಸ್ತಾವವನ್ನು ವಾಪಸು ತೆಗೆದುಕೊಂಡಳು. ಬೇಸರವಾಯಿತು, ಸುಳ್ಳೇಕೆ. ಚಿಕ್ಕವಳು ನಿಲ್ಲಲಿ, ನಾನು ಕೆಳಗೆ ಕೂತು ಕೇಳುತ್ತೇನೆ ಎಂದುಕೊಂಡಾಗ ತುಸು ಹಗುರವೂ ಆಯಿತು.

ಅಲ್ಲಿಂದ ಕಾಯುವುದು ಶುರುವಾಯಿತು. ಬಾಗಿಲು ಬಡಿದರೆ ತಂಗಿ ಬಂದಳು ಎಂದು ಎದ್ದು ಹೋಗುವಳು. ಅಮ್ಮನ ಫೋನು ಮುಗಿದ ಮೇಲೆ "ಏನಂದಳು?" ಎಂದು ನೇರವಾಗಿಯೇ ಕೇಳುವಳು.

"ನಲ್ಲಿ ಸೋರ್ತಿದೆಯಂತೆ. ಇನ್ನೇನನ್ನಬೇಕಿತ್ತು?" ಎಂದು ಅಮ್ಮ ಹುಬ್ಬೇರಿಸುವಳು.

ಆಯ್ಕೆಯ ಪಟ್ಟಿ ಬಂದ ದಿನ ಅಕ್ಕ ನೆಲಮಾಳಿಗೆಯಲ್ಲಿದ್ದಳು. ಎಲ್ಲವೂ ಬಯಲಲ್ಲಿರಬೇಕು ಎಂಬುದು ಆ ಸಮ್ಮೇಳನದವರ ಹೆಮ್ಮೆ. ಆಯ್ಕೆ ಮುಗಿದ ಮೇಲೆ ಪ್ರಸ್ತಾವ, ಅದರ ವಿಮರ್ಶೆ, ಬರೆದವರ ಮತ್ತು ವಿಮರ್ಶಿಸಿದವರ ಹೆಸರು ಎಲ್ಲವನ್ನೂ ಲೋಕಕ್ಕೆ ತೆರೆದಿಡುತ್ತಾರೆ. ಇದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ, ಬರೆಯುವ ಭರದಲ್ಲಿ ಮರೆತಿದ್ದಳು. ಎರಡನೆಯ ಪ್ರಸ್ತಾವ ಆಯ್ಕೆಯಾಗಿತ್ತು. ಬರೆದವನು ದೂರದ ಬಂದರು ಊರಿನ ಒಬ್ಬ ಗ್ರಂಥಪಾಲಕ. ತಂಗಿಯ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಅವಳು ಪ್ರಸ್ತಾವವನ್ನೇ ಕಳಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಗ್ರಂಥಪಾಲಕನ ಮೇಲ್ ಬಂತು. 'ಮಾನ್ಯರೇ, ನಿಮ್ಮ ಸಲಹೆಯಂತೆ ತಿದ್ದಿದ್ದರಿಂದಲೇ ನನ್ನ ಪ್ರಸ್ತಾವ ಆಯ್ಕೆಯಾಯಿತು, ವಂದನೆಗಳು. ನನಗೆ 'ಬಿಡಿ' ಬಳಸಲು ಹೇಳಿಕೊಟ್ಟವರು ನಿಮ್ಮ ತಂಗಿ. ಆ ಉದಾಹರಣೆಯೂ, ಕೇಳಿ ಎಂಬ ಮಾತೂ ಅವರಿಂದ ಬಂದವು. ನನ್ನ ತಾಯಿ ತೀರಿಕೊಂಡು ಬಹಳ ವರ್ಷವಾಯಿತು, ಆದ್ದರಿಂದ ಅಮ್ಮ ದಿನಾ ಕೇಳುತ್ತಾಳೆ ಎಂಬುದನ್ನು ಓದಿ ಮೊದಲು ಗಾಬರಿಯಾಯಿತು, ಆಮೇಲೆ ಕಣ್ಣು ತುಂಬಿತು. ಆ ಸಾಲುಗಳು ನನಗಲ್ಲ ಎಂದು ತೋರುತ್ತದೆ. ಸೇರಬೇಕಾದವರಿಗೆ ಸೇರಿದವೇ?'

ಸೇರಬೇಕಾದವರಿಗಿಂತ ಮೊದಲು ಸೇರಬಾರದವರಿಗೆಲ್ಲ ಸೇರಿದ್ದವು. ವಿಮರ್ಶೆಯ ಕೆಳಗೆ ಯಾರೋ ತುಂಟರು 'ಮೇಡಂ, ಜೋಡಿ ಎಷ್ಟು ಅಂಕ ಕೊಟ್ಟಿತ್ತು?' ಎಂದು ಬರೆದಿದ್ದರು. ಇನ್ನೊಬ್ಬರು 'ಊಟ ಇದ್ದರೆ ನಾವೂ ಬಂದು ಹೋಗುತ್ತೇವೆ' ಎಂದಿದ್ದರು. ಯಾರು ಯಾರೆಂದು ಗುರುತು ಹಿಡಿಯುವುದೇ ಬದುಕಾದವಳು ಇಬ್ಬರನ್ನು ಒಬ್ಬರೆಂದುಕೊಳ್ಳುವ ತಪ್ಪನ್ನು ಊರೆಲ್ಲ ನೋಡುವ ಹಾಗೆ ಮಾಡಿದ್ದಳು. ಅಕ್ಕನ ಮುಖ ಇಂಗು ತಿಂದ ಮಂಗನ ಮುಖವಾಯಿತು. ಕಂಪ್ಯೂಟರ್ ಮುಚ್ಚಿ, ಕಾರಿನ ಚಕ್ರಗಳನ್ನು ನೋಡುತ್ತ ಕೂತಳು. ನಗೆಪಾಟಲಾದದ್ದಕ್ಕಿಂತ ಅವಳನ್ನು ಹೆಚ್ಚು ಸುಟ್ಟದ್ದು ಬೇರೆ. ತಂಗಿಯೊಡನೆ ಮಾತಾಡಿಯಾಯಿತು ಎಂದು ಇಷ್ಟು ದಿನ ನೆಮ್ಮದಿಯಾಗಿದ್ದಳು, ಆದರೆ ಅವಳೊಡನೆ ಒಂದಕ್ಷರವನ್ನೂ ಆಡಿರಲಿಲ್ಲ.

ಸಂಜೆ ಮನೆಗೆ ಬಂದು ಕಾಲಿನ ಚಪ್ಪಲಿ ಬಿಡದೆ ಅಮ್ಮನ ಎದುರಿನ ಕುರ್ಚಿಯಲ್ಲಿ ಕೂತು ಫೋನು ತೆಗೆದಳು. ತನ್ನದೇ ಫೋನು.

"ಯಾರಿಗೇ?" ಎಂದಳು ಅಮ್ಮ.

ಅಕ್ಕ ನಂಬರು ಒತ್ತಿದಳು. ಆ ಕಡೆ ಬಹಳ ಹೊತ್ತು ಗಂಟೆ ಬಾರಿಸಿತು. ಕೊನೆಗೆ ಎತ್ತಿದರು.

"ಹಲೋ," ಎಂದಿತು ತಂಗಿಯ ದನಿ. ಆಮೇಲೆ, ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ, "ಯಾರು ಬೇಕಿತ್ತು?"

"ನನ್ನ ತಂಗಿ ಬೇಕಿತ್ತು," ಎಂದಳು ಅಕ್ಕ.

ಆ ಕಡೆ ನಲ್ಲಿಯ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು.

"ಅವಳೇ ಅಂತ ಈ ಸಲ ಖಾತ್ರಿ ಮಾಡ್ಕೊಂಡ್ಯಾ?" ಎಂದಳು ತಂಗಿ. ನಗುವಳೋ ಅಳುವಳೋ ತಿಳಿಯುವಂತಿರಲಿಲ್ಲ.

"ಇಲ್ಲ. ಅದಕ್ಕೇ ಕೇಳ್ತಾ ಇದೀನಿ. ನೀನೇನಾ?"

"ನಾನೇ ಕಣೇ ಅಕ್ಕ," ಎಂದಳು ತಂಗಿ.

ಅಮ್ಮ ಎಂದಿನ ಹಾಗೆ ಫೋನಿಗೆ ಕೈ ಚಾಚಿದಳು. ಅಕ್ಕ ಕೊಡಲಿಲ್ಲ.