ಸತ್ಯಮಂಗಲದಿಂದ ಹೊರಡದ ಮೇಲ್

ಸಾಯಂಕಾಲ ನಾಲ್ಕು ಗಂಟೆಯೊಳಗೆ ರೇಟು ಕಳಿಸದಿದ್ದರೆ ಆರ್ಡರು ಬೇರೆಯವರಿಗೆ ಎಂದು ಬೆಂಗಳೂರಿನ ಹೋಟೆಲಿನವರು ಬೆಳಿಗ್ಗೆಯೇ ಹೇಳಿದ್ದರು. ನಮ್ಮ ಕಂಪ್ಯೂಟರಿನ ಮೇಲ್ ಪ್ರೋಗ್ರಾಂ ಮಾತ್ರ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಕೆಟ್ಟು, ಸರ್ವರ್ ಸಿಗುತ್ತಿಲ್ಲ ಎಂದು ಒಂದೇ ರಾಗ ಹಾಡತೊಡಗಿತ್ತು. ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ ಹಿಡಿದು ತೆಂಗಿನ ಚಿಪ್ಪಿನ ಬಟ್ಟಲು, ಸೌಟು ಮಾಡಿಸುವವಳು ನಾನು, ವನಜಾಕ್ಷಿ. ಇಷ್ಟು ದಿನ ಅಂಗಡಿಗೆ ಹತ್ತಿಪ್ಪತ್ತು ಮಾರಿಕೊಂಡಿದ್ದ ನನ್ನನ್ನು ಅಷ್ಟು ದೊಡ್ಡವರು ಕೇಳಿದ್ದು ಇದೇ ಮೊದಲು. ಇದು ಕೈತಪ್ಪಿದರೆ ಶೆಡ್ಡಿನ ಹೆಂಗಸರಿಗೆ ದೀಪಾವಳಿವರೆಗೂ ಕೆಲಸ ಕೊಡಲಾಗುತ್ತಿರಲಿಲ್ಲ.

ಮೊಬೈಲಿನಿಂದ ಕಳಿಸೋಣವೆಂದರೆ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಎಂದೋ ಒಮ್ಮೆ ಹಾಕಿದ್ದು ಆ ಪ್ರೋಗ್ರಾಮಿನ ಹೊಟ್ಟೆಯಲ್ಲೇ ಕೂತಿತ್ತು. ಬೇರೆ ಮೇಲ್ ವಿಳಾಸದಿಂದ ಬಂದ ರೇಟನ್ನು ಹೋಟೆಲಿನವರು ಒಪ್ಪುವುದಿಲ್ಲ. ಬಟವಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕನಕರಾಜುವಿಗೆ ಫೋನ್ ಮಾಡಿದೆ. ಪಾಪ, ಊಟ ಬಿಟ್ಟು ಸ್ಕೂಟರ್ ಹತ್ತಿ ಬಂದ.

ಬಂದವನು ಮೊದಲು ಕಂಪ್ಯೂಟರ್ ಆರಿಸಿ ಹಚ್ಚಿದ. ಆಮೇಲೆ ನೆಟ್ಟಿನ ಪೆಟ್ಟಿಗೆ ಆರಿಸಿ ಹಚ್ಚಿದ. ಅದರ ಲೈಟು ಹಸಿರಾಗಿಯೇ ಉರಿಯಿತು. ವೈರು ಕಿತ್ತು ಊದಿ ಮತ್ತೆ ಸಿಕ್ಕಿಸಿದ. ವೈರಸ್ ಇರಬೇಕೆಂದ, ಮಳೆ ಮೋಡಕ್ಕೆ ನೆಟ್‌ವರ್ಕ್ ಹಾಳೆಂದ, ಕೊನೆಗೆ ಚಿಪ್ಪಿನ ಧೂಳೇ ಕಾರಣವೆಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗೊಣಗಿದ್ದು ಅವನಿಗೆ ಕೇಳಿಸಿತು, ಬೇಜಾರು ಮಾಡಿಕೊಳ್ಳಲಿಲ್ಲ. ಪ್ರೋಗ್ರಾಂ ತೆಗೆದು ಹೊಸದಾಗಿ ಹಾಕೋಣವೇ ಎಂದು ಕೇಳಿದಾಗ ಮಾತ್ರ ನಾನು ಅವನ ಕೈ ಹಿಡಿದೆ. ತೆಗೆದರೆ ಪಾಸ್‌ವರ್ಡೂ ಹೋಗುತ್ತದಲ್ಲ.

ಮೂಲೆಯ ಕುರ್ಚಿಯಲ್ಲಿ ನಮ್ಮ ಮಾವ ಚೌಡಪ್ಪ ಕೂತಿದ್ದರು. ಹೆಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಬಂದು, ಸಾಯಂಕಾಲದವರೆಗೆ ಎಲ್ಲರಿಗೂ ಬುದ್ಧಿ ಹೇಳಿ ಹೋಗುವುದು ಅವರ ಪದ್ಧತಿ. ಇವತ್ತು ತುಟಿ ಪಿಟಕ್ಕೆನ್ನದೆ ಎಲೆಯಡಿಕೆ ಜಗಿಯುತ್ತಿದ್ದುದು ನನಗೆ ಆಗಲೇ ವಿಚಿತ್ರ ಅನ್ನಿಸಬೇಕಿತ್ತು.

ಇನ್ನೆಷ್ಟು ಹೊತ್ತಿದೆ ಎಂದು ಪರದೆಯ ಮೂಲೆ ನೋಡಿದೆ. ಗಂಟೆ ಸರಿಯಾಗಿತ್ತು, ಅದರ ಕೆಳಗಿನ ತಾರೀಖು ಅಕ್ಟೋಬರ್ ತೋರಿಸುತ್ತಿತ್ತು. ನಾವಿದ್ದದ್ದು ಜುಲೈನಲ್ಲಿ. ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದರೆ ಆ ದಿನ ವಿಜಯದಶಮಿ.

ಕನಕರಾಜು ಹಣೆ ಚಚ್ಚಿಕೊಂಡ. ಮೇಲ್ ಸರ್ವರಿಗೂ ಒಂದು ಗುರುತಿನ ಚೀಟಿ ಇರುತ್ತದಂತೆ, ಅದಕ್ಕೂ ಅವಧಿ ಇರುತ್ತದಂತೆ. ಅಕ್ಟೋಬರಿನಲ್ಲಿ ನಿಂತಿದ್ದ ನಮ್ಮ ಕಂಪ್ಯೂಟರು ಆ ಚೀಟಿಯ ಅವಧಿ ಮುಗಿದಿದೆ ಎಂದುಕೊಂಡು ಬಾಗಿಲು ಹಾಕಿಕೊಂಡಿತ್ತು. ತಾರೀಖು ಬದಲಾಯಿಸಿದವರು ಯಾರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಹಿಂದೊಮ್ಮೆ ಅದು ತಪ್ಪು ತೋರಿಸಿದಾಗ ಸರಿಪಡಿಸುವುದನ್ನು ಕನಕರಾಜುವೇ ಮಾವನಿಗೆ ಹೇಳಿಕೊಟ್ಟಿದ್ದನಂತೆ. ಈಗ ಇಬ್ಬರೂ ನೆಲ ನೋಡುತ್ತಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಯಾಕೆ ಮಾವ ಹೀಗೆ ಮಾಡಿದಿರಿ ಎಂದು ಕೇಳಿದ ದನಿ ಹೊರಗಿನ ಮಿಷನ್ನಿನ ಸದ್ದನ್ನೂ ಮೀರಿತ್ತು.

"ಆಷಾಢದಲ್ಲಿ ಕಾಯಿ ಯಾಪಾರದ ಮಂಡಿ ಇಕ್ಕಿ ಕೈ ಸುಟ್ಕಂಡೋನು ಕಣವ್ವ ನಾನು" ಎಂದರು ಮಾವ. "ಇಷ್ಟ್ ದೊಡ್ಡ ಯಾಪಾರ, ನೀನು ಆಷಾಢದಲ್ಲಿ ಶುರು ಮಾಡ್ತೀನಿ ಅಂತ ಕುಂತಿದ್ದೆ. ಹೇಳಿದ್ರೆ ಕೇಳ್ತಿದ್ಯಾ? ಅದ್ಕೇ ಒಳ್ಳೆ ದಿನ ಇಕ್ಕಿ ಕೊಟ್ಟೆ."

ಸೊಸೆ ತಪ್ಪು ದಿನ ಹಿಡಿಯಬಾರದೆಂದು ಮೂರು ತಿಂಗಳನ್ನೇ ಎತ್ತಿ ಪಕ್ಕಕ್ಕಿಟ್ಟಿದ್ದರು ಪುಣ್ಯಾತ್ಮರು. ಬಂದ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಆದರೂ ಎಷ್ಟೋ ದಿನದಿಂದ ಎದೆಯಲ್ಲಿದ್ದ ಮಾತು ಹೊರಗೆ ಬಂತು.

"ಇದು ಶುರು ಅಲ್ಲ ಮಾವ. ಶುರು ಮಾಡಿ ಎರಡು ವರ್ಷ ಆಯ್ತು. ಶ್ರಾವಣ ಶುಕ್ರವಾರ, ಒಳ್ಳೆ ದಿನಾನೇ. ನೀವೊಬ್ರು ಪೂಜೆಗೆ ಬರ್ಲಿಲ್ಲ."

ಮಾವ ಎದ್ದು ಹೊರಗೆ ಹೋದರು. ಅಯ್ಯೋ, ಆಡಬಾರದ್ದು ಆಡಿದೆನಲ್ಲ ಎಂದುಕೊಂಡೆ. ಅವರು ಎಲೆಯಡಿಕೆ ಉಗಿದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಪಂಚೆಯಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತರು. ಕನಕರಾಜು ಬೆರಳು ತೋರಿಸಿದಲ್ಲಿ ಒತ್ತುತ್ತ ಅಕ್ಟೋಬರಿನಿಂದ ಸೆಪ್ಟೆಂಬರಿಗೆ, ಆಗಸ್ಟಿಗೆ, ಜುಲೈಗೆ ತಾವೇ ಇಳಿದು ಬಂದರು. ಆಮೇಲೆ ಕುರ್ಚಿ ಬಿಟ್ಟುಕೊಟ್ಟು ನನ್ನನ್ನು ಕೂರಿಸಿದರು.

ಮೇಲ್ ಹೋಯಿತು. ನಾಲ್ಕಕ್ಕೆ ಇನ್ನೂ ಹೊತ್ತಿತ್ತು. ಸ್ವಲ್ಪದರಲ್ಲೇ ಹೋಟೆಲಿನವರು ಉತ್ತರ ಬರೆದರು: ರೇಟು ಒಪ್ಪಿಗೆ, ಸೋಮವಾರ ಸರಕು ನೋಡಲು ಬರುತ್ತೇವೆ. ಹೆಂಗಸರೆಲ್ಲ ಮಿಷನ್ ನಿಲ್ಲಿಸಿ ಬಾಗಿಲಲ್ಲಿ ಗುಂಪಾದರು, ಕನಕರಾಜು ಎಲ್ಲರಿಗೂ ಟೀ ಹೇಳಿದ.

ಮಾವ ಹೆಬ್ಬೂರಿಗೆ, ನಮ್ಮ ಅತ್ತೆಗೆ, ಫೋನ್ ಹಚ್ಚಿದ್ದರು. ಊರಲ್ಲಿ ಯಾರು ಕೇಳಿದರೂ ನಮ್ಮ ಸೊಸೆ ಟೈಂಪಾಸಿಗೆ ಚಿಪ್ಪು ಉಜ್ಜುತ್ತಾಳೆ ಎಂದೇ ಹೇಳುತ್ತಿದ್ದ ಮನುಷ್ಯ, ನಾನು ಕೇಳುತ್ತಿದ್ದೇನೆಂದು ಗೊತ್ತಿದ್ದೂ ದನಿ ತಗ್ಗಿಸಲಿಲ್ಲ.

"ಸೋಮವಾರ ನೀನೂ ಬಂದ್ಬುಡು ಕಣೇ" ಎಂದರು. "ನಮ್ ವನಜನ ಕಾರ್ಖಾನೆ ನೋಡಾಕೆ ಬೆಂಗಳೂರಿನೋರು ಬತ್ತಾವ್ರೆ."