ಮೂರನೆಯ ಕೂಗು

ಬಾಳೆಎಲೆಯನ್ನು ಕೆಂಡದ ಮೇಲೆ ಹಿಡಿದರೆ ಮೊದಲು ಬೆವರುತ್ತದೆ, ಆಮೇಲೆ ಮೆತ್ತಗಾಗುತ್ತದೆ, ತೆಗೆಯಲು ಅರೆಗಳಿಗೆ ತಡವಾದರೆ ನಡುದಂಟಿನ ಹತ್ತಿರ ಸೀಳುತ್ತದೆ, ಇದೊಂದು ಸೀಳಿತು, ಇರಲಿ, ಅಡಿಗೆ ಹಾಕಿದರಾಯಿತು, ಹನ್ನೊಂದು ಹೆಂಗಸರಿಗೆ ಹನ್ನೊಂದು ಕಟ್ಟು ಚಿತ್ರಾನ್ನ, ಟೀಚರಿಗೆ ಒಂದು, ಎಂತಕ್ಕೆ ಎಂದರೆ ಕಾಡಿಗೆ ಹೋಗಿ ಉಣ್ಣಲಿಕ್ಕೆ. ಕಾಡಿಗೆ ಹೋಗಿ ಉಣ್ಣಲಿಕ್ಕೆ — ಎರಡು ಸಲ ಹೇಳಿಕೊಂಡರೂ ತಲೆಗೆ ಹೋಗುವುದಿಲ್ಲ. ಕಾಡಿಗೆ ಹೋಗುವುದು ಸೌದೆಗೆ, ಸೊಪ್ಪಿಗೆ, ಸೀಗೆಕಾಯಿಗೆ, ತಪ್ಪಿಸಿಕೊಂಡ ದನಕ್ಕೆ. ಕತ್ತಿ ಇಲ್ಲದೆ, ಬುಟ್ಟಿ ಇಲ್ಲದೆ, ಒಗೆದ ಸೀರೆ ಉಟ್ಟುಕೊಂಡು ಯಾರಾದರೂ ಹೋಗುತ್ತಾರೆಯೇ. ಇದಕ್ಕೆ ವಿಹಾರ ಎನ್ನುತ್ತಾರೆ ಎಂದು ರಾತ್ರಿ ಶಾಲೆಯ ಕಮಲಾವತಿ ಟೀಚರು ಕರಿಹಲಗೆಯ ಮೇಲೆ ಬರೆದಿದ್ದರು, ನಾನು ಹ-ಕ್ಕೆ ಇಳಿ ಕೊಡುವುದನ್ನು ಮರೆತು ವಿಹರ ಎಂದು ಬರೆದಿದ್ದೆ. ಸುಮ್ಮನೆ ಹೋಗುದು, ಕೂತುಕೊಳ್ಳುದು, ಗಾಳಿ ತೆಗೊಳ್ಳುದು, ಬರುದು, ಅಷ್ಟೇ ದೇವಮ್ಮಕ್ಕ, ಎಂದರು ಟೀಚರು. ಪಕ್ಕದಲ್ಲಿ ಕೂರುವ ಆಸಿಯಾ ಬಿಡುವವಳಲ್ಲ, ಗಾಳಿ ನಮ್ಮ ಅಂಗಳದಲ್ಲಿಯೂ ಉಂಟಲ್ಲ ಟೀಚರೇ, ಅದಕ್ಕೆ ಬಸ್ಸು ಯಾಕೆ. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಯಾವ ಕಾಡು ಎಂದು ಕೇಳಿದ ಮೇಲೆ ನಗು ಎಲ್ಲಿ ಹೋಯಿತೋ. ಕಲ್ಲುಗುಂಡಿಯಲ್ಲಿ ಬಸ್ಸಿಳಿದು ಹೊಳೆ ಬದಿಗೆ ನಡೆದರೆ ಸಿಗುವ ಸರಕಾರದ ಕಾಡು, ಅಲ್ಲಿ ಈಗ ಬೆಂಚು ಹಾಕಿದ್ದಾರಂತೆ, ಜನ ಬಂದು ನೋಡಲಿ ಎಂದು ದಾರಿ ಬಿಡಿಸಿದ್ದಾರಂತೆ. ಆ ಕಾಡಿಗೆ ನಾನು ನಲವತ್ತು ವರ್ಷದಿಂದ ಕಾಲಿಟ್ಟಿಲ್ಲ. ಬರುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಎಲೆ ಬಾಡಿಸಿದೆ, ಕಟ್ಟಿದೆ, ಎಲೆಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದೆ, ಅದರೊಳಗೆ ಆ ಕಾಗದ ಇದೆಯೇ ಎಂದು ಮುಟ್ಟಿ ನೋಡಿದೆ.

ಬಸ್ಸು ತಿರುವಿನಲ್ಲಿ ವಾಲುತ್ತದೆ, ಆಸಿಯಾಳ ಹೆಗಲು ನನ್ನ ಹೆಗಲಿಗೆ, ಕಾಗದ ಚೀಲದೊಳಗೆ ಸರಕ್ಕೆನ್ನುತ್ತದೆ — ನೀಲಿ ಇನ್‌ಲ್ಯಾಂಡು, ಮಡಿಕೆಯಲ್ಲಿ ಸವೆದಿದೆ, ಒಂಬತ್ತು ತಿಂಗಳಾಯಿತು. ಅಜ್ಜಾವರದಿಂದ ತಂಗಿ ಪೂವಕ್ಕ ಯಾರ ಕೈಯಲ್ಲೋ ಕಾರ್ಡು ಬರೆಸಿದ್ದಳು: ಅಕ್ಕ ನೀನು ಅಕ್ಷರ ಕಲಿತೆಯಂತೆ, ಇನ್ನು ಬೇರೆಯವರ ಬಾಯಿ ಬೇಡವಲ್ಲ, ಆ ದಿನ ಕಾಡಿನಲ್ಲಿ ನಾನು ಕರೆದದ್ದು ನಿನಗೆ ಕೇಳಿತ್ತೋ ಇಲ್ಲವೋ ನೀನೇ ಬರೆ. ಬರೆದುಕೊಟ್ಟವರಿಗೆ ಇದರ ತಲೆಬುಡ ಗೊತ್ತಾಗಿರಲಿಕ್ಕಿಲ್ಲ. ಅಜ್ಜಾವರ ನನ್ನ ಮನೆಯಿಂದ ಗಟ್ಟಿ ನಡೆದರೆ ಒಂದು ಗಂಟೆಯ ದಾರಿ, ಮದುವೆಗೆ, ಸತ್ತವರ ಬೊಜ್ಜಕ್ಕೆ ಸಿಗುತ್ತೇವೆ, ಒಂದೇ ಚಾಪೆಯಲ್ಲಿ ಕೂತು ವೀಳ್ಯ ಹಾಕುತ್ತೇವೆ, ಅವಳು ಏಳುವಾಗ ಎಡಗಾಲನ್ನು ಕೈಯಿಂದ ಎತ್ತಿ ಇಡುತ್ತಾಳೆ, ನಾನು ಆ ಹೊತ್ತಿಗೆ ಸರಿಯಾಗಿ ಅಡಕೆ ಕತ್ತರಿಸುತ್ತೇನೆ. ಉತ್ತರಕ್ಕೆಂದು ತಂದ ಈ ಇನ್‌ಲ್ಯಾಂಡಿನಲ್ಲಿ ನಾನು ಕ್ಷೇಮ ನೀನು ಕ್ಷೇಮವೇ ಎಂದು ಬರೆದಾಗಿದೆ, ವಿಳಾಸ ಬರೆದಾಗಿದೆ, ನಡುವೆ ಬೋಳು. ಟೀಚರು ಕೇಳಿದಾಗಲೆಲ್ಲ ನಿಧಾನಕ್ಕೆ ಬರೆಯುತ್ತೇನೆ ಎಂದೆ, ನೋಡಿ ದೇವಮ್ಮಕ್ಕನ ತಾಳ್ಮೆ ನೋಡಿ ಎಂದು ಅವರು ಬೇರೆಯವರಿಗೆ ತೋರಿಸಿದರು. ತಾಳ್ಮೆ. ಹುಟ್ಟಿದಂದಿನಿಂದ ನನ್ನನ್ನು ಹೊಗಳುವುದು ಅದೊಂದಕ್ಕೇ.

ಕಾಡಿನ ಬಾಯಿಯಲ್ಲಿ ಬೋರ್ಡು ಇದೆ, ಓದುತ್ತೇನೆ, ರ-ಕ್ಷಿ-ತಾ-ರ-ಣ್ಯ, ಎಷ್ಟು ಒತ್ತು ಒಂದು ಕಾಡಿಗೆ. ಗಾರ್ಡು ತಿರುಮಲೇಶ್ವರ ಖಾಕಿ ಚಡ್ಡಿಯಲ್ಲಿ ಮುಂದೆ ನಡೆಯುತ್ತಾನೆ, ಇದು ಬೆಂಚು, ಇದು ನೋಡುವ ಜಾಗೆ, ಇಲ್ಲಿ ಕೂತು ನೋಡಬೇಕು. ನನಗೆ ಎಂತ ನೋಡಬೇಕೆಂದು ತಿಳಿಯುವುದಿಲ್ಲ, ಮರ ಮರದ ಹಾಗೆ ನಿಂತಿದೆ. ದಾರಿ ಎಲ್ಲಿತ್ತು, ಹೊಳೆ ಎಡಕ್ಕಿತ್ತಲ್ಲ, ಈಗ ಬಲಕ್ಕೆ, ಹೊಳೆ ತಿರುಗಿತೋ ನಾನು ತಿರುಗಿದೆನೋ. ಆದರೆ ಸೀಗೆಯ ಬಳ್ಳಿ ಅದೇ, ಮುಳ್ಳು ಅದೇ, ಕೈ ತಾನಾಗಿ ಮೇಲೆ ಹೋಯಿತು. ಅಜ್ಜೀ, ಕೊಯ್ಲಿಕ್ಕಿಲ್ಲ, ನೋಡ್ಲಿಕ್ಕೆ ಮಾತ್ರ, ಎಂದ ತಿರುಮಲೇಶ್ವರ. ನಲವತ್ತು ವರ್ಷದ ಕೆಳಗೆ ಇವನಿದ್ದು ಹಾಗೆ ಅಂದಿದ್ದರೆ, ನಾನೂ ಪೂವಕ್ಕನೂ ಬುಟ್ಟಿ ಮಗುಚಿಕೊಂಡು ಮನೆಗೆ ಹೋಗುತ್ತಿದ್ದೆವು. ಅವಳಿಗೆ ಹದಿನಾರು, ಮದುವೆಗೆ ನಂಟಸ್ತಿಕೆ ಗೊತ್ತಾಗಿತ್ತು, ದೊಡ್ಡ ಬಳ್ಳಿ ಸಿಕ್ಕಿತು ಎಂದು ಬಂಡೆಯ ಆಚೆ ಹೋದಳು, ನಾನು ಈಚೆ. ಅಮ್ಮ ಹೇಳಿಕೊಟ್ಟದ್ದು: ಕಾಡಿನಲ್ಲಿ ಯಾರಾದರೂ ಕರೆದರೆ ಓಗೊಡಬಾರದು, ಒಂದು ಕೂಗು, ಎರಡು ಕೂಗು ಯಾರದ್ದೂ ಆಗಬಹುದು, ಮನುಷ್ಯರಾದರೆ ಮೂರನೆಯದು ಕೂಗುತ್ತಾರೆ. ಅಕ್ಕಾ ಎಂದು ಕೇಳಿತು, ಕಿರುಬೆರಳು ಮಡಚಿದೆ. ಅಕ್ಕಾ ಎಂದು ಇನ್ನೊಮ್ಮೆ, ಉಂಗುರದ ಬೆರಳು ಮಡಚಿದೆ. ನಡುಬೆರಳು ಹಿಡಿದುಕೊಂಡು ನಿಂತೆ. ನಿಂತೆ. ಹಕ್ಕಿ ಕೂಗಿತು, ಹೊಳೆ ಸದ್ದು ಮಾಡಿತು, ನಡುಬೆರಳು ನೆಟ್ಟಗೆ ನಿಂತೇ ಇತ್ತು. ಸಂಜೆ ಮರ ಕಡಿಯುವವರು ಅವಳನ್ನು ಕಲ್ಲಿನ ಸಂದಿಯಿಂದ ಎತ್ತಿ ತಂದರು, ಕಾಲು ಎರಡು ಕಡೆ ಮುರಿದಿತ್ತು, ಅಕ್ಕ ನಿನಗೆ ಕೇಳಲಿಲ್ಲವಾ ಎಂದಳು, ಎಲ್ಲರೂ ನನ್ನ ಮುಖ ನೋಡಿದರು, ಇಲ್ಲ, ಕೇಳಲಿಲ್ಲ ಎಂದೆ. ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ಆಮೇಲೆ ಅವಳನ್ನು ಕೊಟ್ಟದ್ದು ಅಜ್ಜಾವರಕ್ಕೆ, ಎರಡು ಮಕ್ಕಳಿದ್ದವನಿಗೆ.

ಊಟವಾಯಿತು, ಚಿತ್ರಾನ್ನಕ್ಕೆ ಉಪ್ಪು ಕಮ್ಮಿಯಾಗಿತ್ತೋ ನನ್ನ ನಾಲಗೆಯೇ ಸತ್ತಿತೋ. ಹೆಂಗಸರು ಚಿಕ್ಕ ಮಕ್ಕಳ ಹಾಗೆ ಕೂ ಹೊಡೆಯುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಕಾಡಿನಲ್ಲಿ, ಹೆಸರು ಹಿಡಿದು, ಇವರಿಗೆ ಯಾರೂ ಹೇಳಿಕೊಡಲಿಲ್ಲವೇ. ನಾನು ಎದ್ದು ನಡೆದೆ, ಆ ಬಂಡೆ ಇದೇ ಇರಬೇಕು, ಅಥವಾ ಅದು, ಎಲ್ಲ ಬಂಡೆಯೂ ಆನೆಯ ಬೆನ್ನಿನ ಹಾಗೆ, ಮುಟ್ಟಿದರೆ ಬಿಸಿ — ದೇವಮ್ಮಕ್ಕಾ, ಎಂದು ಕೇಳಿತು. ಕಿರುಬೆರಳು. ದೇವಮ್ಮಕ್ಕಾ. ಉಂಗುರದ ಬೆರಳು. ನಡುಬೆರಳು ನಿಂತಿತು. ಮತ್ತೆ ಇಲ್ಲ, ನೀರು ಹರಿಯುವುದು ಬಿಟ್ಟರೆ ಎಂತದೂ ಇಲ್ಲ, ಯಾವ ವರ್ಷ ಇದು, ಬುಟ್ಟಿ ಎಲ್ಲಿ, ಆಚೆಗೆ ಹೋದವಳು ಇನ್ನೂ ಬರಲಿಲ್ಲವಲ್ಲ — ಎಂತ ದೇವಮ್ಮಕ್ಕ, ಕಿವಿ ಮನೆಯಲ್ಲಿ ಇಟ್ಟು ಬಂದದ್ದಾ, ಆಸಿಯಾ ಏದುಸಿರು ಬಿಡುತ್ತ ಎದುರು ನಿಂತಿದ್ದಾಳೆ, ಹಿಂದೆ ಟೀಚರು, ಗಾರ್ಡು. ನೀನು ಎಷ್ಟು ಸಲ ಕರೆದದ್ದು ಎಂದೆ. ಒಮ್ಮೆ. ಅಲ್ಲ, ನನಗೆ ಎರಡು ಕೇಳಿತು. ಅವಳು ನಕ್ಕಳು, ಇನ್ನೊಂದು ನಾನಲ್ಲ, ಆ ಕಲ್ಲು ನಿಮ್ಮನ್ನು ಕರೆದದ್ದು.

ಕಲ್ಲು ಕರೆದದ್ದು, ಮಾರ್ದನಿ. ಹಾಗಾದರೆ ಪೂವಕ್ಕ ಕರೆದದ್ದು ಒಂದೇ ಸಲವೋ, ಇನ್ನೊಂದು ಕಲ್ಲಿನದ್ದೋ, ನಾನು ಕಲ್ಲನ್ನೂ ಲೆಕ್ಕ ಹಿಡಿದೆನೋ. ಅವಳಿಗೂ ನಿಯಮ ಗೊತ್ತಿತ್ತಲ್ಲ, ಅದೇ ಅಮ್ಮ ಹೇಳಿಕೊಟ್ಟದ್ದಲ್ಲ, ಮೂರು ಸಲ ಕರೆದೇ ಇರಬೇಕು, ಬುಟ್ಟಿಯಲ್ಲಿ ಕಾಯಿ ಗಲಗಲ ಎಂದಾಗ ಒಂದು ತಪ್ಪಿತೋ, ನೋವಿನಲ್ಲಿ ಅವಳ ಸ್ವರವೇ ನಿಂತಿತೋ. ಒಂದೋ, ಎರಡೋ, ಮೂರೋ. ಒಂಬತ್ತು ತಿಂಗಳು ನಾನು ಬರೆಯಲಾರದೆ ಇದ್ದದ್ದು ಇದೇ ಲೆಕ್ಕ ಸರಿಯಾಗಲಿ ಎಂದು, ಸರಿಯಾದ ಮೇಲೆ ಬರೆಯುತ್ತೇನೆ ಎಂದು, ಮತ್ತೆ ಅದೇ ತಾಳ್ಮೆ. ಆದರೆ ಅವಳು ಎಷ್ಟು ಸಲ ಎಂದು ಕೇಳಲಿಲ್ಲವಲ್ಲ. ಕೇಳಿತ್ತೋ ಎಂದು ಕೇಳಿದ್ದು. ಟೀಚರ ಹತ್ತಿರ ಪೆನ್ಸಿಲು ಬೇಡಿದೆ, ನೋಡುವ ಬೆಂಚಿನಲ್ಲಿ ಕೂತೆ, ಮಂಡಿಯ ಮೇಲೆ ಇನ್‌ಲ್ಯಾಂಡು, ಯಾರೂ ಹತ್ತಿರ ಬರಬೇಡಿ ಎಂದೆ, ಬರಲಿಲ್ಲ. ಕೇಳಿತ್ತು. ಮೊದಲನೆಯ ಸಲವೇ ಕೇಳಿತ್ತು. ನಿನ್ನದೇ ಸ್ವರ ಎಂದು ಗುರುತು ಸಿಕ್ಕಿತ್ತು, ನಾನು ಹೆದರಿ ನಿಂತೆ, ಆಮೇಲೆ ಸುಳ್ಳು ಹೇಳಿದೆ. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದವು, ಒತ್ತು ಎಲ್ಲಿ ಬಂತೋ ಎಲ್ಲಿ ಬಿಟ್ಟಿತೋ, ತಿದ್ದಲಿಲ್ಲ, ಎಂಜಲು ಹಚ್ಚಿ ಅಂಟಿಸಿದೆ.

ಕಲ್ಲುಗುಂಡಿಯ ಅಂಗಡಿಯ ಮಾಡಿನ ಕೆಳಗೆ ಕೆಂಪು ಡಬ್ಬಿ, ಬಸ್ಸು ಬಂತು ಎನ್ನುತ್ತಿದ್ದಾರೆ, ಆಸಿಯಾ ನನ್ನ ಚೀಲ ಹಿಡಿದುಕೊಂಡಿದ್ದಾಳೆ, ಓದಿಸಿ ಕೇಳಿದರೆ ಪೂವಕ್ಕ ಎಂತ ಹೇಳುತ್ತಾಳೋ, ಮುಂದಿನ ಮದುವೆಯಲ್ಲಿ ಚಾಪೆ ಬೇರೆ ಹಾಸುತ್ತಾಳೋ, ಹಾಸಲಿ, ಕಾಗದ ಅರ್ಧ ಒಳಗೆ, ಅರ್ಧ ಹೊರಗೆ, ಇನ್ನೂ ಎಳೆದುಕೊಳ್ಳಬಹುದು, ದೇವಮ್ಮಕ್ಕ ಬೇಗ, ಬಿಟ್ಟೆ, ಬಿತ್ತು, ಒಳಗೆ ಬೇರೆ ಕಾಗದವೇ ಇರಲಿಲ್ಲವೋ ಏನೋ ತಗಡಿಗೆ ಬಿದ್ದ ಸದ್ದು, ಕೈ ಇನ್ನೂ ಡಬ್ಬಿಯ ಬಾಯಿಯಲ್ಲೇ, ಕಿರುಬೆರಳು ಮಡಚಿದೆ, ಉಂಗುರದ ಬೆರಳು ಮಡಚಿದೆ, ನಡುಬೆರಳು ನೆಟ್ಟಗೆ, ನಡುಬೆರಳು ನೆಟ್ಟಗೆ —